ಮುಳ್ಳು ಇಳಿದ ಹೊತ್ತು

ಸೊಸೆಗೆ ಆ ವಾರ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ದೋಣಿ ಎಂಜಿನ್ ರಿಪೇರಿಯ ಶೆಡ್ಡಿನಲ್ಲಿ ಕೈ ಸ್ಪ್ಯಾನರ್ ಹಿಡಿದಿದ್ದರೆ ಕಿವಿ ಹೊಳೆಯ ಕಡೆ ಇರುತ್ತಿತ್ತು. ಮನೆಗೆ ಬಂದರೆ ತಟ್ಟೆ ಹಿಡಿದುಕೊಂಡೇ ಕಿಟಕಿಗೂ ಬಾಗಿಲಿಗೂ ಓಡಾಡುವಳು.

"ಕಾಲಿಗೆ ಚಕ್ರ ಕಟ್ಕೊಂಡಿದೀಯೇನೇ? ಎರಡು ತುತ್ತಾದ್ರೂ ಕೂತು ತಿನ್ನು" ಎಂದು ಅತ್ತೆ ಗದರುವರು. ಅವಳು ಕೂರುವಳು, ಮತ್ತೆ ಏಳುವಳು.

ಕಾರಣ ಇಷ್ಟೇ. ಅವಳ ಮಾವ ಈ ದಡದಿಂದ ಆಚೆಯ ದ್ವೀಪಕ್ಕೆ ಜನರನ್ನು ದಾಟಿಸುವ ದೋಣಿಯವರು. ಟೀಚರು, ನರ್ಸು, ತರಕಾರಿ ಬುಟ್ಟಿಯವರು, ಮದುವೆಯಾದ ಮಗಳ ಮನೆಗೆ ಹೊರಟವರು, ಎಲ್ಲರೂ ಅವರ ದೋಣಿಯನ್ನೇ ಕಾಯುತ್ತಿದ್ದರು. ಹಿಂದಿನ ವಾರ ಆ ದೋಣಿ ನಡುನೀರಿನಲ್ಲಿ ಹೊಗೆಯುಗುಳಿ ನಿಂತುಬಿಟ್ಟಿತ್ತು. ಮೀನಿನ ದೋಣಿಯೊಂದು ಹಗ್ಗ ಕಟ್ಟಿ ಎಳೆದು ತಂದಿತು. ಸೊಸೆ ಎಂಜಿನ್ ಬಿಚ್ಚಿ ನೋಡಿದರೆ ಪಂಪಿನೊಳಗಿನ ರಬ್ಬರ್ ಚಕ್ರದ ರೆಕ್ಕೆಗಳು ಮುರಿದು ಚೂರಾಗಿದ್ದವು. ಹೊಳೆಯ ನೀರನ್ನು ಹೀರಿ, ಎಂಜಿನ್ನಿನ ಮೈಯೊಳಗೆಲ್ಲ ಓಡಿಸಿ, ಅದನ್ನು ತಣ್ಣಗಿಡುವುದು ಆ ಪಂಪಿನ ಕೆಲಸ. ನೀರು ನಿಂತಿತು, ಎಂಜಿನ್ ಬೆಂದಿತು.

ರಬ್ಬರ್ ಅಂದ ಮೇಲೆ ಸವೆಯುತ್ತದೆ, ಮುರಿಯುತ್ತದೆ. ಅದರಲ್ಲಿ ಅವಳಿಗೆ ಆಶ್ಚರ್ಯವಿರಲಿಲ್ಲ. ಮಾವನಿಗೆ ಅದು ಗೊತ್ತಾಗದೆ ಹೋದದ್ದೇ ಆಶ್ಚರ್ಯ. ಎಂಜಿನ್ನಿನ ಹಿಂಬದಿಯಿಂದ ಸಣ್ಣದೊಂದು ನೀರಿನ ಧಾರೆ ಸದಾ ಹೊರಗೆ ಚಿಮ್ಮುತ್ತಿರುತ್ತದೆ. "ಉಚ್ಚೆ ಹೊಯ್ಯೋವರೆಗೂ ಅದರ ಆರೋಗ್ಯಕ್ಕೇನೂ ಕಮ್ಮಿಯಿಲ್ಲ" ಎಂದು ದೋಣಿಯವರು ನಗಾಡುತ್ತಾರೆ. ಉಳಿದವರು ಕಣ್ಣಲ್ಲಿ ನೋಡಿ ಬಿಟ್ಟರೆ ಮಾವ ಹಿಂದಕ್ಕೆ ಬಾಗಿ ಆ ಧಾರೆಗೆ ಅಂಗೈ ಒಡ್ಡುತ್ತಿದ್ದರು. ಪ್ರತಿ ಸಲ ದಾಟುವಾಗಲೂ ಹಾಗೆ. "ತಣ್ಣಗಿದೆ" ಎನ್ನುತ್ತಿದ್ದರು, ಇಲ್ಲವೇ "ಯಾಕೋ ಬೆಚ್ಚಗಾಯ್ತು" ಎಂದು ದೋಣಿಯನ್ನು ನೇರ ಶೆಡ್ಡಿಗೆ ತರುತ್ತಿದ್ದರು. ಹಾಗೆ ತಂದಾಗಲೆಲ್ಲ ಒಳಗೆ ಏನಾದರೊಂದು ಕೆಟ್ಟಿರುತ್ತಿತ್ತು. ಅಂಥವರಿಗೆ ಹೊಗೆ ಬರುವ ತನಕ ಗೊತ್ತಾಗಲಿಲ್ಲವೆಂದರೆ?

"ಆವತ್ತು ಕೈ ಇಟ್ಟು ನೋಡಿರ್ಲಿಲ್ವಾ ಮಾವ?"

"ನೋಡಿದ್ದೆ. ತಣ್ಣಗೇ ಇತ್ತು."

"ಅದು ಹೇಗೆ ತಣ್ಣಗಿರುತ್ತೆ?"

"ಏನಮ್ಮ, ಪೊಲೀಸಿನವಳ ಹಾಗೆ ಕೇಳ್ತೀಯಲ್ಲ!" ಎಂದು ಮಾವ ಟವೆಲ್ ಕೊಡವಿಕೊಂಡು ಎದ್ದು ಹೋದರು.

ತಣ್ಣಗಿತ್ತು ಎಂಬ ಆ ಮಾತು ಅವಳಿಗೆ ಗಂಟಲಲ್ಲಿ ಸಿಕ್ಕಿದ ಮುಳ್ಳಿನ ಹಾಗಾಯಿತು. ನುಂಗಲೂ ಆಗದು, ಉಗುಳಲೂ ಆಗದು. ಹೊಸ ರಬ್ಬರ್ ಚಕ್ರ ಕೂರಿಸಿದ್ದಾಯಿತು. ಆದರೂ ಮನಸ್ಸು ಕೂರಲಿಲ್ಲ. ಕೊನೆಗೆ ನೀರಿನ ಒತ್ತಡ ತೋರಿಸುವ ಗೇಜೊಂದನ್ನು ತಂದಳು.

ಅವಳ ಗಂಡ ಅದೇ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವವನು. ಪೊಟ್ಟಣ ಬಿಚ್ಚಿದ್ದನ್ನು ನೋಡಿ, "ಅಪ್ಪ ಒಪ್ಪಲ್ಲ ಕಣೇ" ಎಂದ.

"ಕೇಳಿದ್ರೆ ತಾನೇ ಒಪ್ಪೋದು, ಬಿಡೋದು?"

ರಜೆಯ ದಿನ ಮಾವ ಊಟ ಮಾಡಿ ಮಲಗಿದ್ದಾಗ ಅವಳು ಕೆಲಸ ಮುಗಿಸಿದಳು. ಎಂಜಿನ್ನಿನ ಮಗ್ಗುಲಲ್ಲಿದ್ದ ಸಣ್ಣ ಬಿರಡೆಯನ್ನು ತಿರುಗಿಸಿ ತೆಗೆದು, ಅಲ್ಲಿಗೆ ಬಿಳಿ ಟೇಪ್ ಸುತ್ತಿದ ಹಿತ್ತಾಳೆಯ ಮೂತಿ ಕೂರಿಸಿದಳು. ಅದಕ್ಕೆ ಕಡ್ಡಿ ಗಾತ್ರದ ನಳಿಕೆ ಸಿಕ್ಕಿಸಿ, ವೈರುಗಳ ಜೊತೆಯಲ್ಲೇ ಮುಂದಕ್ಕೆ ತಂದಳು. ಚುಕ್ಕಾಣಿಯ ಹಲಗೆಯಲ್ಲಿ ದುಂಡಗೆ ತೂತು ಕೊರೆದು ಗೇಜು ಇಟ್ಟಳು. ಬಿಳಿ ಮುಖ, ಕಪ್ಪು ಅಂಕಿ, ಕೆಂಪು ಮುಳ್ಳು.

ಎದ್ದು ಬಂದ ಮಾವ ಸೊಂಟಕ್ಕೆ ಕೈಯಿಟ್ಟು ನೋಡಿದರು. "ಓಹೋ, ಗಡಿಯಾರ! ಇನ್ಮೇಲೆ ಹೊತ್ತು ನೋಡ್ಕೊಂಡು ಓಡಿಸ್ಬೇಕೇನೋ."

ಮೊದಲ ಓಟದಲ್ಲೇ ಗೇಜು ಅವಳ ಮರ್ಯಾದೆ ಕಳೆಯಿತು. ನಿಧಾನಕ್ಕೆ ಹೋಗುವಾಗ ಮುಳ್ಳು ಕೆಳಗೆ ನಡುಗುತ್ತಿದ್ದದ್ದು ಸರಿಯೇ. ಪಂಪು ಮೆಲ್ಲಗೆ ತಿರುಗಿದರೆ ಒತ್ತಡವೂ ಕಡಿಮೆ. ವೇಗ ಕೊಟ್ಟಾಗ ಅದು ಮೇಲೇರಲೂ ಏರಿತು. ಆದರೆ ದೋಣಿ ಎಡಕ್ಕೆ ತಿರುಗಿದಾಗ ಇದ್ದಲ್ಲೇ ಹೆಪ್ಪುಗಟ್ಟಿತು. ವೇಗ ಏರಿಸಿದರೂ ಇಳಿಸಿದರೂ ಅಲ್ಲಾಡಲಿಲ್ಲ.

"ನಿನ್ನ ಗಡಿಯಾರ ನಿದ್ದೆ ಹೋಯ್ತು" ಎಂದರು ಮಾವ. ದೋಣಿಯಲ್ಲಿದ್ದ ತರಕಾರಿಯವಳು ಕಿಸಕ್ಕನೆ ನಕ್ಕಳು.

ಸೊಸೆ ಹಿತ್ತಾಳೆಯ ಮೂತಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದಳು. ಗೇಜನ್ನು ಕಳಚಿ ಬಾಯಲ್ಲಿ ಊದಿ ನೋಡಿದಳು. ಎರಡರಲ್ಲೂ ದೋಷವಿರಲಿಲ್ಲ. ಕೊನೆಗೆ ಗಂಡನಿಗೆ ಚುಕ್ಕಾಣಿ ತಿರುಗಿಸಲು ಹೇಳಿ ತಾನು ಎಂಜಿನ್ನಿನ ಬುಡದಲ್ಲಿ ಟಾರ್ಚ್ ಹಿಡಿದು ಅಂಗಾತ ಮಲಗಿದಳು. ಎಡಕ್ಕೆ ತಿರುಗಿದಾಗ ಚುಕ್ಕಾಣಿಯ ದಪ್ಪ ಕೇಬಲ್ಲು ನಳಿಕೆಯನ್ನು ಕಬ್ಬಿಣಕ್ಕೆ ಒತ್ತಿ ಅದರ ಕತ್ತು ಹಿಸುಕುತ್ತಿತ್ತು. ನಳಿಕೆಯನ್ನು ಬಿಡಿಸಿ, ಇನ್ನಷ್ಟು ಸಡಿಲ ಕೊಟ್ಟು, ಬೇರೆ ದಾರಿಯಲ್ಲಿ ತಂದು ಕಟ್ಟಿದಳು. ಆಮೇಲೆ ಮುಳ್ಳು ಎಡಕ್ಕೂ ಬಲಕ್ಕೂ ಹೇಳಿದ ಮಾತು ಕೇಳಿತು.

ಇಷ್ಟಾದರೂ ಅವಳ ತಳಮಳ ಇಳಿಯಲಿಲ್ಲ. ಮಾವ ಆ ಕಡೆ ತಿರುಗಿಯೂ ನೋಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಶೆಡ್ಡಿನ ಕೆಲಸವನ್ನು ಅರ್ಧಕ್ಕೆ ಬಿಟ್ಟು, ಕೈ ಒರೆಸಿಕೊಂಡು, ಹೊರಡುತ್ತಿದ್ದ ದೋಣಿಗೆ ಹಾರಿ ಹತ್ತಿಕೊಂಡಳು.

"ದ್ವೀಪದಲ್ಲಿ ನಿಂಗೇನು ಕೆಲಸ?"

"ಗಾಳಿಗೆ ಬಂದೆ."

ಮಾವ ಹುಬ್ಬು ಗಂಟಿಕ್ಕಿಕೊಂಡೇ ದೋಣಿ ಬಿಟ್ಟರು. ದೋಣಿ ತುಂಬಿತ್ತು. ನರ್ಸೊಬ್ಬಳು ತೂಕಡಿಸುತ್ತಿದ್ದಳು. ತರಕಾರಿಯವಳು ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ತುರುಕುತ್ತಿದ್ದಳು. ಹಳೆಯ ಸೇತುವೆಯ ಮುರಿದ ಕಂಬಗಳು ಹೊಳೆಯ ಕೆಳಹರಿವಿನಲ್ಲಿ ನೀರಿನಿಂದ ತಲೆ ಎತ್ತಿ ನಿಂತಿದ್ದವು. ಸೆಳೆತ ಹೋಗುವುದು ಆ ಕಡೆಗೇ.

ಅರ್ಧ ದಾರಿಯಲ್ಲಿ ಮುಳ್ಳು ಇಳಿಯಿತು. ಮೊದಲು ಸ್ವಲ್ಪ. ಮತ್ತೆ, ಯಾರೋ ಕೈಯಿಂದ ತಳ್ಳಿದ ಹಾಗೆ, ತಳಕ್ಕೆ.

"ಮಾವ, ನೀರಿಲ್ಲ!"

"ನಿನ್ನ ಗಡಿಯಾರಕ್ಕೆ ಮತ್ತೆ ನಿದ್ದೆ ಬಂತೇನೋ."

"ದೋಣಿ ನೆಟ್ಟಗೆ ಹೋಗ್ತಿದೆ. ನಳಿಕೆ ಸರಿ ಇದೆ. ಎಂಜಿನ್ ನಿಲ್ಸಿ!"

ಮಾವ ಹಿಂದಕ್ಕೆ ಬಾಗಿ ಧಾರೆಗೆ ಅಂಗೈ ಒಡ್ಡಿದರು. ಒಡ್ಡಿಕೊಂಡೇ ಇದ್ದರು. "ತಣ್ಣಗಿದೆ, ಸುಮ್ನಿರು" ಎಂದರು.

ಅವಳು ಅವರ ಭುಜದ ಮೇಲಿಂದ ಬಗ್ಗಿ ತಾನೂ ಕೈ ಚಾಚಿದಳು. ನೀರು ನೂಲಿನ ಹಾಗೆ ಬರುತ್ತಿತ್ತು. ಸೋಕಿದ್ದೇ ತಡ, ಚುರ್ರೆಂದಿತು. ಕೂಗಿ ಕೈ ಹಿಂದಕ್ಕೆಳೆದಳು. ಆದರೆ ಮಾವನ ಕೈ ಇನ್ನೂ ಅಲ್ಲೇ ಇತ್ತು. ಅಂಗೈ ಕೆಂಪಗಾಗಿತ್ತು. ಅವರ ಮುಖದಲ್ಲಿ ನೋವಿನ ಒಂದು ಗೆರೆಯೂ ಇರಲಿಲ್ಲ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ನೋಟದಲ್ಲೇ ಅವಳಿಗೆ ಎಲ್ಲವೂ ಗೊತ್ತಾಯಿತು. ಗೊತ್ತಾಯಿತೆಂದು ಮಾವನಿಗೂ ಗೊತ್ತಾಯಿತು.

ಯೋಚಿಸುತ್ತ ಕೂರುವ ಹೊತ್ತು ಅದಲ್ಲ. ಅವಳು ಎಂಜಿನ್ ಆರಿಸಿದಳು. ದೋಣಿ ಸೆಳೆತಕ್ಕೆ ಸಿಕ್ಕಿ ಮೆಲ್ಲಗೆ ಮಗ್ಗುಲು ತಿರುಗಿಸಿ ಕಂಬಗಳ ಕಡೆ ಹೊರಟಿತು. ನರ್ಸಿನ ತೂಕಡಿಕೆ ಹಾರಿಹೋಯಿತು. "ಅಯ್ಯೋ ಶಿವನೇ" ಎಂದು ಯಾರೋ ಅಂದರು.

"ಲಂಗರು ಬಿಡಿ ಮಾವ!"

ಮಾವ ಎದ್ದರು. ಅದೊಂದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಲಂಗರು ಎಸೆದು, ಹಗ್ಗ ಬಿಟ್ಟು, ಎಲ್ಲಿ ಹಿಡಿಯಬೇಕೋ ಅಲ್ಲಿ ಹಿಡಿದು ಗೂಟಕ್ಕೆ ಸುತ್ತಿದರು. ದೋಣಿ ಜಗ್ಗಿ, ತೂಗಾಡಿ, ನಿಂತಿತು. ಕಂಬಗಳ ಮೇಲೆ ಕೂತ ಹಕ್ಕಿಗಳ ಕಣ್ಣು ಕಾಣುವಷ್ಟು ಹತ್ತಿರ.

ಸೊಸೆ ಎಂಜಿನ್ನನ್ನು ಹಿಂದಕ್ಕೆ ವಾಲಿಸಿ ಎತ್ತಿದಳು. ನೀರು ಹೀರುವ ಜಾಲರಿಗೆ ಪ್ಲಾಸ್ಟಿಕ್ ಚೀಲವೊಂದು ಒದ್ದೆ ಚರ್ಮದ ಹಾಗೆ ಅಂಟಿಕೊಂಡಿತ್ತು. ತರಕಾರಿಯವಳು ಅವಳ ಸೊಂಟ ಹಿಡಿದುಕೊಂಡಳು. ಸೊಸೆ ಹೊರಗೆ ಬಾಗಿ, ಚೀಲವನ್ನು ಚೂರು ಚೂರಾಗಿ ಕಿತ್ತಳು. ಎಂಜಿನ್ ತಣ್ಣಗಾಗುವ ತನಕ ಕಾಯುವುದೇ ಕಷ್ಟವಾಯಿತು. ಅವಳ ಮೊಣಕಾಲು ತಾನಾಗಿ ಕುಣಿಯುತ್ತಿತ್ತು. ಆಮೇಲೆ ಇಳಿಸಿ, ಚಾಲೂ ಮಾಡಿ, ವೇಗ ಕೊಡದೆ ಗೇಜನ್ನೇ ನೋಡಿದಳು. ಮುಳ್ಳು ಒದ್ದಾಡಿ, ನಡುಗಿ, ಮೇಲಕ್ಕೆ ಹೊರಟಿತು.

ಜನರನ್ನೆಲ್ಲ ದ್ವೀಪದಲ್ಲಿ ಇಳಿಸಿದ ಮೇಲೆ ಮಾವ ಬಾಯಿ ಬಿಟ್ಟರು. "ಬೆರಳ ತುದಿ ಮೊದ್ಲು ಜೋಮು ಹಿಡ್ದ ಹಾಗಿತ್ತು. ಆಮೇಲೆ ಪೂರ್ತಿ ಅಂಗೈ. ಇವತ್ತು ಸರಿಹೋಗುತ್ತೆ, ನಾಳೆ ಸರಿಹೋಗುತ್ತೆ ಅಂತಿದ್ದೆ." ಅಂಗೈ ಮುಚ್ಚಿಕೊಂಡು, "ನನ್ನ ಮಗನಿಗೆ ಹೇಳ್ಬೇಡಮ್ಮ. ದೋಣಿ ಬಿಡಿಸ್ತಾನೆ" ಎಂದರು.

"ಅಷ್ಟು ಜನ ಕೂತಿದ್ರು ಮಾವ!" ಅವಳ ದನಿ ಅವಳಿಗೇ ಹೊಸದಾಗಿ ಕೇಳಿತು. "ನಾನು ಹೇಳಲ್ಲ. ನೀವೇ ಹೇಳಿ. ಹೇಳೋವರೆಗೂ ಕೀ ನನ್ನ ಹತ್ರ ಇರುತ್ತೆ."

ಈ ದಡ ಮುಟ್ಟಿದ ಕೂಡಲೇ ಅವಳು ಕೀ ಕಿತ್ತು ಜೇಬಿಗೆ ಹಾಕಿಕೊಂಡಳು. ಮರುದಿನ ದೋಣಿ ಹೊರಡಲಿಲ್ಲ. "ಎಂಜಿನ್ ಕೆಟ್ಟಿದೆ" ಎಂದು ಮಾವ ಕಾಯುತ್ತಿದ್ದವರಿಗೆ ಹೇಳಿ ಕಳಿಸಿದರು. ಮನೆಯಲ್ಲಿ ಹಜಾರದ ಉದ್ದಕ್ಕೂ ಬೋನಿನ ಹುಲಿಯ ಹಾಗೆ ಓಡಾಡಿದರು. ಅವರು ಹಜಾರದಲ್ಲಿ, ಅವಳು ಅಂಗಳದಲ್ಲಿ. ನಡುವೆ ಅತ್ತೆ, "ಈ ಮನೇಲಿ ಕೂರೋಕೆ ಬರೋಳು ನಾನೊಬ್ಳೇ" ಎಂದರು.

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಮಾವ ಬೊಬ್ಬೆ ಎದ್ದ ಅಂಗೈಯನ್ನು ಮಗನ ಮುಂದೆ ಚಾಚಿದರು. "ಇದರಲ್ಲಿ ಜೀವ ಇಲ್ಲ ಕಣೋ" ಎಂದರು. ಉಳಿದದ್ದನ್ನೆಲ್ಲ ತಲೆ ತಗ್ಗಿಸಿಕೊಂಡೇ ಹೇಳಿದರು.

ಮಗ ದಂಗಾಗಿ ಹೋದ. ಅತ್ತೆ ಮಾತ್ರ ದಂಗಾಗಲಿಲ್ಲ. "ಸ್ನಾನದ ನೀರಿನ ಹದ ಇವರಿಗೆ ತಿಳಿಯಲ್ಲ. ಎಷ್ಟೋ ದಿನದಿಂದ ನಾನೇ ಕೈ ಹಾಕಿ ನೋಡಿ ತಣ್ಣೀರು ಬೆರೆಸ್ತಿದೀನಿ. ಕೇಳಿದ್ರೆ ಹಾರಾಡ್ತಾರೆ ಅಂತ ಸುಮ್ನಿದ್ದೆ" ಎಂದರು. ಹಾಗೆಂದವರೇ ಸೊಸೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. "ಆ ಕೈಯನ್ನೇ ನಂಬ್ಕೊಂಡು ದೋಣಿ ನಡೆಸ್ತಾರೆ ಅಂತ ನಂಗೇನೇ ಗೊತ್ತಿತ್ತು?"

ಸೊಸೆಗೆ ಅತ್ತೆಯ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಂದೇ ಮನೆಯಲ್ಲಿ ಒಬ್ಬರು ಬಚ್ಚಲಿನಲ್ಲಿ, ಒಬ್ಬರು ನೀರಿನ ನಡುವೆ, ಇನ್ನೊಬ್ಬಳು ಶೆಡ್ಡಿನಲ್ಲಿ ಅದೇ ಭಯವನ್ನು ಬೇರೆ ಬೇರೆ ತುದಿಯಲ್ಲಿ ಹಿಡಿದುಕೊಂಡಿದ್ದರು.

ಡಾಕ್ಟರು ರಕ್ತ ಪರೀಕ್ಷೆ ಮಾಡಿ, ಸಕ್ಕರೆ ಕಾಯಿಲೆ ಬಹಳ ದಿನಗಳಿಂದ ಒಳಗೊಳಗೇ ನರಗಳನ್ನು ತಿಂದಿದೆ ಎಂದರು. ಮಾತ್ರೆ ಕೊಟ್ಟರು, ಹೋದದ್ದು ಪೂರ್ತಿ ವಾಪಸ್ಸು ಬರುತ್ತದೆಂಬ ಭರವಸೆ ಕೊಡಲಿಲ್ಲ. ದೋಣಿ ಬಿಡಿ ಎಂದು ಮಗ ಹಟ ಹಿಡಿದ. ಅಪ್ಪ ಮಗ ಜಗಳವಾಡಿ, ಕೊನೆಗೆ ಹೀಗೆ ತೀರ್ಮಾನವಾಯಿತು: ಕೈ ವಾಸಿಯಾದ ಮೇಲೆ ದೋಣಿ ಮಾವನದೇ. ಆದರೆ ಜೊತೆಯಲ್ಲಿ ಇನ್ನೊಬ್ಬರು ಇರಬೇಕು, ಮುಳ್ಳು ಇಳಿದರೆ ಮರುಮಾತಿಲ್ಲದೆ ಎಂಜಿನ್ ನಿಲ್ಲಿಸಬೇಕು.

ಮತ್ತೆ ದೋಣಿ ಹತ್ತಿದ ವಾರವೇ ಮಾವ ಶೆಡ್ಡಿಗೆ ಬಂದರು. ಸೊಸೆ ಯಾರದೋ ಪಂಪು ಬಿಚ್ಚುತ್ತಿದ್ದಳು. ಒಂದು ಖಾಲಿ ಡಬ್ಬದ ಮೇಲೆ ಕೂತು, ಎದ್ದು, ಮತ್ತೆ ಕೂತರು.

"ಅಲ್ಲಮ್ಮ, ಕೈ ಕೆಲ್ಸ ಕಣ್ಣಿಗೆ ಕೊಟ್ಟೆ. ಸರಿ. ಈ ಕಾಯಿಲೆಗೆ ಕಣ್ಣೂ ಹೋಗುತ್ತಂತೆ. ಆಮೇಲೆ?"

ಅವಳು ಕೈಯಲ್ಲಿದ್ದದ್ದನ್ನು ಕೆಳಗಿಟ್ಟಳು. ಅವರು ತಮಾಷೆಗೆ ಕೇಳುತ್ತಿರಲಿಲ್ಲ.

"ಒತ್ತಡ ಇಳಿದ್ರೆ ಕೂಗೋ ಗಂಟೆ ಬರುತ್ತೆ ಮಾವ. ಅದನ್ನೂ ಹಾಕ್ತೀನಿ."

"ಜೋರಾಗಿ ಕೂಗುತ್ತಾ?"

"ನನಗಿಂತ ಜೋರಾಗಿ."

"ಹಾಗಾದ್ರೆ ಬೇಡ" ಎಂದು ಮಾವ ನಕ್ಕರು. ಆದರೂ ಎದ್ದು ಹೋಗಲಿಲ್ಲ. ಗಂಟೆಯನ್ನು ಹಲಗೆಯ ಯಾವ ಮೂಲೆಯಲ್ಲಿಟ್ಟರೆ ನೀರು ಸಿಡಿಯುವುದಿಲ್ಲ ಎಂದು ಇಬ್ಬರೂ ಬಹಳ ಹೊತ್ತು ವಾದಿಸಿದರು.