ಕಮಲಿ ಏನಂದಳು?

“ತಲಿ ಬಾಗಸಬ್ಯಾಡೋ. ನೆಟ್ಟಗ ಕಟ್ಟು. ಹೊಲದಾಗ ಬಾಗಿದ್ದು ಸಾಕು ನಮ್ಮವ್ವ.”

ಜಂಬಮ್ಮ ಸತ್ತ ತಾಯಿಯ ಗದ್ದ ಹಿಡಿದು ನಿಂತಿದ್ದಳು. ಅವಳ ಅಣ್ಣ ಗದ್ದೆಪ್ಪ ಹಳೆಯ ಸೀರೆಯ ಪಟ್ಟಿಯಿಂದ ಹುಲಗೆಮ್ಮನ ಹೆಣವನ್ನು ಬಿದಿರಿನ ಕುರ್ಚಿಗೆ ಬಿಗಿಯುತ್ತಿದ್ದ. ಆ ಊರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂರಿಸಿ, ಹಣೆತುಂಬ ಭಂಡಾರ ಬಳಿದು, ಹಲಗಿಯ ಹಿಂದೆ ಮೆರೆಸಿಕೊಂಡು ಹೋಗುತ್ತಾರೆ. ಹಲಗಿ ಬಾರಿಸುವ ಹುಲಿಗೆಪ್ಪ ಆಗಲೇ ತೊಗರಿಕಟ್ಟಿಗೆಯ ಬೆಂಕಿಗೆ ಅದರ ತೊಗಲು ಹಿಡಿದು ಕಾಸುತ್ತಿದ್ದ.

ಪಂಚಾಯ್ತಿ ಜವಾನ ಶರಣಯ್ಯ ಬಂದು ಓಣಿಯ ತುದಿಯಲ್ಲೇ ನಿಂತ.

“ಮಂಡಲ ಪ್ರಧಾನರು ಹೇಳಿ ಕಳಿಸ್ಯಾರ,” ಎಂದ, ಯಾರ ಮುಖವನ್ನೂ ನೋಡದೆ. “ಹಳ್ಳದ ಹಾದಿಲೆ ಒಯ್ಯಬೇಕಂತ. ಇವತ್ತು ಐತವಾರ, ಒಂಬತ್ತಕ್ಕ ಟೀವಿ ಸುರು ಆಗ್ತದ. ಮಂದಿ ಕುಂತಿರ್ತಾರ. ಚಾವಡಿ ಮುಂದ ಹೆಣ ತರಬ್ಯಾಡ್ರಿ ಅಂದ್ರು.”

“ನಮ್ಮ ಹಿರ್ಯಾರೆಲ್ಲ ಹಳ್ಳದ ಹಾದಿಲೇ ಹೋಗ್ಯಾರ ಬಿಡು,” ಎಂದ ಗದ್ದೆಪ್ಪ ಗಂಟು ಹಾಕುತ್ತ. “ನಾಳೆ ಅವರ ಹೊಲಕ್ಕೇ ಹೋಗಬೇಕು ನಾವು.”

“ಸತ್ತ ಮ್ಯಾಲೂ ಹಿಂದಿನ ಹಾದ್ಯಾ?” ಜಂಬಮ್ಮನ ದನಿ ಏರಿತು. “ಒಂದ್ಸಲ ಟೀವಿ ಎದುರಿಗೆ ಕುಂತು ನೋಡಬೇಕು ಅಂದಿದ್ಳು ಅವ್ವ. ಬೇಸ್ತವಾರ ಉಸಿರು ಮ್ಯಾಲ ಕೆಳಗ ಆಗಾಕತ್ತಿದ್ರೂ ಅದನ್ನೇ ಅಂದ್ಳು. ನಾ ಹ್ಞೂಂ ಅಂದೀನಿ.”

ಹೆಣದ ಪಕ್ಕ ಕೂತಿದ್ದ ರಂಜಾನಬಿ ದವಡೆಯ ತಂಬಾಕನ್ನು ಆ ಕಡೆಗೆ ಸರಿಸಿದಳು. ನಲವತ್ತು ವರ್ಷ ಹುಲಗೆಮ್ಮನ ಜತೆ ಒಂದೇ ಸಾಲಿನಲ್ಲಿ ಕಳೆ ಕಿತ್ತವಳು.

“ಏ ಶರಣಯ್ಯ, ಹೋಗಿ ಹೇಳು. ಹುಲಗಿ ಟೀವಿ ನೋಡಾಕ ಬರಾಕತ್ತಾಳ. ಆಕಿಗೆ ಇವತ್ತ ಬಿಟ್ರ ಬ್ಯಾರೆ ಐತವಾರ ಇಲ್ಲ.”

ಅಳುತ್ತಿದ್ದ ಹೆಂಗಸರಲ್ಲಿ ಯಾರೋ ಸೆರಗಿನೊಳಗೇ ನಕ್ಕರು.

*

ಟೀವಿ ಬಂದು ಎರಡು ವರ್ಷವಾಗಿತ್ತು. ದೇವದುರ್ಗದಿಂದ ಎತ್ತಿನ ಬಂಡಿಯಲ್ಲಿ, ಹುಲ್ಲು ಹಾಸಿಕೊಂಡು ಬಂತು. ಸರ್ಕಾರ ಅದನ್ನು ಊರಿಗೆ ಕೊಟ್ಟಿತ್ತು. ಊರೆಂದರೆ ಯಾರು ಎಂಬುದನ್ನು ಚಾವಡಿಯ ಬಾಗಿಲು ತೀರ್ಮಾನಿಸಿತು. ಮೇಲಿನ ಓಣಿಯವರು ಒಳಗೆ ಜಮಖಾನೆಯ ಮೇಲೆ ಕೂತರು. ಕೆಳಗಿನ ಓಣಿಗೆ ಪಕ್ಕದ ಗೋಡೆಯ ಐದು ಸರಳಿನ ಕಿಟಕಿ ಬಿಟ್ಟರು. ಅಲ್ಲಿಂದ ಟೀವಿ ಓರೆಯಾಗಿ ಕಾಣುತ್ತಿತ್ತು. ಎಂಥ ದಪ್ಪ ಮುಖವೂ ಕಟ್ಟಿಗೆ ಸೀಳಿನಷ್ಟು ತೆಳ್ಳಗೆ.

ಭಾನುವಾರದ ಧಾರಾವಾಹಿ ಹಿಂದಿಯದು. ರಂಜಾನಬಿಗೆ ಮನೆಮಾತಿನಿಂದ ಅದು ತಿಳಿಯುತ್ತಿತ್ತು. ಅವಳು ಹೇಳಬೇಕು, ಹುಲಗೆಮ್ಮ ಉತ್ತರ ಕೊಡಬೇಕು. ಯಾರಿಗೆ? ಟೀವಿಯೊಳಗಿನವರಿಗೇ.

“ಆ ಕೀಲಿಕೈ ಗೊಂಚಲ ಮುದುಕಿ ಏನಂತಾಳ್ಬೇ?”

“ಸೊಸಿ ಕಮಲಿಗೆ ಬೈಯಾಕತ್ತಾಳ. ಹಾಲು ಉಕ್ಕಿತಂತ.”

“ಹಾಲು ಉಕ್ಕಿದ್ರ ಒಲಿಗೆ ಬೈಲಿ! ಏ ಮುದುಕಿ, ನೀ ಎಂದರ ಒಲಿ ಮುಂದ ಕುಂತೀಯೇನು?”

“ಏ ಕಿಟಕಿ, ಸುಮ್ನಿರು!” ಎಂದು ಒಳಗಿನವರು ಕೂಗುತ್ತಿದ್ದರು. ಕೊನೆಗೆ ‘ಕಿಟಕಿ’ ಎಂಬುದೇ ಹುಲಗೆಮ್ಮನ ಹೆಸರಾಯಿತು. ಟೀವಿ ಕಪ್ಪು ಬಿಳುಪಿನದು. ಆದರೂ “ಕಮಲಿ ಇವತ್ತ ಹಸಿರು ಸೀರಿ ಉಟ್ಟಾಳ” ಎನ್ನುತ್ತಿದ್ದಳು ಹುಲಗೆಮ್ಮ. ಹಸಿರೋ ನೀಲಿಯೋ ಎಂದು ವಾರವಿಡೀ ಹತ್ತಿಹೊಲದ ಸಾಲಿನಲ್ಲಿ ಜಗಳ ನಡೆಯುತ್ತಿತ್ತು.

*

ಟೀವಿ ಬಂದ ಹೊಸತರಲ್ಲೇ ಜಂಬಮ್ಮ ಮಾನ್ವಿ ಕಡೆಯ ಗಂಡನ ಮನೆಯಿಂದ ನಡೆದೇ ಬಂದಿದ್ದಳು. ತೋಳು ಮೊಣಕೈವರೆಗೂ ಬಾತಿತ್ತು. ತಾಯಿ ಅರಿಶಿನ ಕಟ್ಟಿದಳು. ಭಾನುವಾರ ಕಿಟಕಿಗೆ ಕರೆದುಕೊಂಡು ಹೋದಳು.

ಆ ವಾರ ಕಮಲಿಯನ್ನು ಗಂಡ ಹೊಡೆದು ಹೊರಗೆ ಹಾಕಿದ್ದ. ಕಮಲಿ ತಿರುಗಿ ಬಂದು ಅತ್ತೆಯ ಕಾಲಿಗೆ ಬಿದ್ದಳು.

“ಏನಂದಳ್ಬೇ ಕಮಲಿ?”

“ಮಾಫಿ ಕೇಳಾಕತ್ತಾಳ. ತಪ್ಪಾತು, ಮನಿಯಾಗ ಇಟ್ಕೊಳ್ರಿ ಅಂತ.”

ಹುಲಗೆಮ್ಮ ಮಗಳ ತೋಳನ್ನು ನೋಡಿದಳು.

“ಸುಳ್ಳು.”

“ಖುದಾ ಕಸಮ್, ಹಂಗೇ ಅಂದ್ಳು.”

“ಹಂಗಂದಿದ್ರ ಆಕಿಗೆ ಮಾತು ಬರಂಗಿಲ್ಲ. ನೀ ಸರಿಮಾಡಿ ಹೇಳು. ನನ್ನ ಮಗಳು ಕೇಳಾಕತ್ತಾಳ.”

ರಂಜಾನಬಿ ಒಮ್ಮೆ ಟೀವಿಯನ್ನು, ಒಮ್ಮೆ ಜಂಬಮ್ಮನನ್ನು ನೋಡಿದಳು. ತಂಬಾಕು ಉಗುಳಿ ಬಂದಳು. ಗಂಟಲು ಸರಿಮಾಡಿಕೊಂಡಳು.

“‘ನಾ ಹೊಡಿಸಿಕೊಳ್ಳಾಕ ಹುಟ್ಟಿಲ್ಲ. ಬೇಕಿದ್ರ ನೀವ ನಮ್ಮವ್ವನ ಮನಿಗೆ ಬಂದು ತಪ್ಪಾತು ಅನ್ರಿ.’ ಹಂಗಂದ್ಳು ಕಮಲಿ.”

“ಶಾಬಾಸ್!” ಹುಲಗೆಮ್ಮ ಸರಳಿಗೆ ಬಡಿದಳು. “ಈಗ ಸರಿ ಆತು ನೋಡು.”

ಅಂದಿನಿಂದ ಒಂದೇ ಟೀವಿಯಲ್ಲಿ ಎರಡು ಧಾರಾವಾಹಿ ನಡೆದವು. ಜಮಖಾನೆಯವರ ಕಮಲಿ ವಾರವಾರವೂ ಅತ್ತಳು. ಕಿಟಕಿಯ ಕಮಲಿ ಸೇಂದಿ ಅಂಗಡಿ ಮುಚ್ಚಿಸಿದಳು, ಗಂಡನ ಕೈಗೆ ಪೊರಕೆ ಕೊಟ್ಟಳು, ಒಮ್ಮೆ ಚುನಾವಣೆಗೂ ನಿಂತು ಗೆದ್ದಳು.

ಜಂಬಮ್ಮ ಬಂದ ಎರಡು ವಾರದ ಮೇಲೆ ಮಾನ್ವಿ ಕಡೆಯ ಬೀಗರು ಬಂದರು. ಓಣಿಯ ಹಿರಿಯರು ಕೂತು, “ಹೆಣ್ಮಗಳು ಸ್ವಲ್ಪ ತಗ್ಗಬೇಕವ್ವಾ,” ಎಂದರು. ಜಂಬಮ್ಮ ಎದ್ದು ನಿಂತು ಕಮಲಿಯ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ಗಂಡನ ಕಾಕಾ ಬಾಯಿ ತೆರೆದ.

“ಇದನ್ನೆಲ್ಲಿ ಕಲ್ತೀಬೇ ನೀ?”

“ಸರ್ಕಾರದ ಟೀವಿಯಾಗ ಬಂದದ,” ಎಂದಳು ಹುಲಗೆಮ್ಮ. “ಅನುಮಾನ ಇದ್ರ ದಿಲ್ಲಿಗೆ ಹೋಗಿ ಕೇಳ್ರಿ.”

ದಿಲ್ಲಿಗೆ ಯಾರು ಹೋಗುತ್ತಾರೆ? ಬೀಗರು ಮಾನ್ವಿಗೆ ಹೋದರು.

*

ತಾಯಿಯ ಕುರ್ಚಿಯ ಮುಂದಿನ ಬೊಂಬಿಗೆ ಜಂಬಮ್ಮ ಹೆಗಲು ಕೊಟ್ಟಳು. “ಹೆಂಗಸರು ಹೆಣ ಹೊರಂಗಿಲ್ಲ,” ಎಂದ ಮುದುಕನಿಗೆ, “ಹೊಲದಾಗ ಹೊರಿ ಹೊರಾಕ ಮಾತ್ರ ಹೆಂಗಸರ?” ಎಂದು ರಂಜಾನಬಿ ಕೇಳಿದ್ದೇ ತಡ, ಅವನು ಹಿಂದೆ ಸರಿದ. ಎಡಗಡೆ ಗದ್ದೆಪ್ಪನ ಹೆಗಲು. ಹಿಂದೆ ಇಬ್ಬರು ಹೆಂಗಸರು. ಹಲಗಿ ಮೊಳಗಿತು.

ಕೂಡುದಾರಿಯಲ್ಲಿ ಗದ್ದೆಪ್ಪ ನಿಂತ. ಎಡಕ್ಕೆ ಹೊರಳಿದರೆ ಜಾಲಿಗಿಡದ ಹಳ್ಳ. ಬಲಕ್ಕೆ ದೊಡ್ಡ ಓಣಿ, ಚಾವಡಿ. ಅವನು ಎಡಕ್ಕೆ ಒಂದು ಹೆಜ್ಜೆ ಇಟ್ಟರೂ ಕುರ್ಚಿ ಎಡಕ್ಕೇ ತಿರುಗುತ್ತಿತ್ತು.

“ಜಂಬಿ, ಅವ್ವ ಖರೇನ ಅಂದಿದ್ಳಾ?”

“ಖರೇ.”

ಅವನು ಹೆಗಲಿನಿಂದಲೇ ತಾಯಿಯನ್ನು ಬಲಕ್ಕೆ ತಿರುಗಿಸಿದ. ಹುಲಿಗೆಪ್ಪನ ಕೋಲು ದುಪ್ಪಟ್ಟು ಬಿತ್ತು.

ಚಾವಡಿಯ ಬಾಗಿಲಿಗೆ ಪ್ರಧಾನ ಸಿದ್ದರಾಮಪ್ಪ ಅಡ್ಡ ಬಂದ. ಅವನ ಬೆನ್ನ ಹಿಂದೆ ಟೀವಿ ನಡೆದಿತ್ತು.

“ಏನಿದು? ಲಗೂ ಮುಂದ ನಡೀರಿ!”

“ಇಳಸ್ರಿ,” ಎಂದಳು ಜಂಬಮ್ಮ.

ಹೊಸ್ತಿಲ ಮುಂದೆ, ಬಾಗಿಲಿಗೆ ಮುಖ ಮಾಡಿ ಕುರ್ಚಿ ಇಳಿಯಿತು. ಹಲಗಿ ನಿಂತಿತು.

“ಅರ್ಧ ಹಾದಿಗೆ ಇಳಸಿ ಹೆಗಲು ಬದಲಸೋದು ಊರ ಪದ್ಧತಿ, ಪ್ರಧಾನರ,” ಎಂದಳು ಜಂಬಮ್ಮ. “ಮನಿಯವರು ಎತ್ತು ಅನ್ನೋತನಕ ಹೆಣಕ್ಕ ಅವಸರ ಮಾಡಬಾರದು. ನಿಮ್ಮವ್ವನ್ನ ಗುಡಿ ಮುಂದ ಇಳಸಿದ್ರಿ, ನಾವು ಬಿಸಿಲಾಗ ದೂರ ನಿಂತು ಕಾದೀವಿ. ನಮ್ಮವ್ವಂದು ಅರ್ಧ ಹಾದಿ ಇದೇ. ಈಗ ನೀವು ಕಾಯ್ರಿ.”

ಸಿದ್ದರಾಮಪ್ಪನಿಗೆ ಪದ್ಧತಿ ಗೊತ್ತಿತ್ತು. ಒಳಗಿದ್ದವರಿಗೂ ಗೊತ್ತಿತ್ತು. ಮೂರು ತಲೆಮಾರು ಇವರನ್ನು ಹೊರಗಿಟ್ಟ ಪದ್ಧತಿಯೇ ಇಂದು ಅವನ ಕಾಲು ಕಟ್ಟಿತ್ತು. ಅವನು ಒಳಗೆ ತಿರುಗಿ ಚೀರಿದ.

“ಶರಣಯ್ಯ, ಟೀವಿ ಬಂದ್ ಮಾಡು!”

ಶರಣಯ್ಯ ಟೀವಿಯ ಗುಂಡಿಗೆ ಕೈ ಹಾಕಿದ. ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ ಹುಲಗೆಮ್ಮನ ಮುಖ ನೋಡಿದ. ಗುಂಡಿ ತಿರುಗಿಸಿದ. ಧ್ವನಿ ಏರಿತು. ಇನ್ನೂ ತಿರುಗಿಸಿದ. ಕಮಲಿಯ ಅಳು ದೊಡ್ಡ ಓಣಿಯ ತುದಿವರೆಗೂ ಕೇಳಿಸಿತು.

ಅವಳು ಇವತ್ತೂ ಕಾಲಿಗೆ ಬಿದ್ದಿದ್ದಳು.

“ಏನಂದಳು ಕಮಲಿ?”

ಕೇಳಿದ್ದು ಕೆಳಗಿನ ಓಣಿಯವರಲ್ಲ. ಜಮಖಾನೆಯ ಮುಂದಿನ ಸಾಲಿನಲ್ಲಿ ಎದ್ದು ನಿಂತಿದ್ದವಳು ಸಿದ್ದರಾಮಪ್ಪನ ಸೊಸೆ ಆದೆಮ್ಮ. ನಡುವೆ ಬಾಗಿಲಲ್ಲಿ ಮಾವನಿದ್ದ. ಅವಳು ನೋಡುತ್ತಿದ್ದುದು ರಂಜಾನಬಿಯನ್ನು.

ರಂಜಾನಬಿ ಗೆಳತಿಯ ಕುರ್ಚಿಯ ಪಕ್ಕ ಮಣ್ಣಲ್ಲಿ ಕೂತಳು. ಎರಡು ವರ್ಷದ ಅಭ್ಯಾಸದಂತೆ ಹೇಳಿದಳು.

“‘ಕೀಲಿಕೈ ಕೆಳಗಿಡ್ರಿ’ ಅಂದ್ಳು. ‘ಎಲ್ಲಾರೂ ಸರೀರಿ. ಹಿಂದ ಒಬ್ಬಾಕಿ ಕುಂತಾಳ, ಆಕಿಗೆ ಕಾಣವಲ್ದು’ ಅಂದ್ಳು.”

ಮೊದಲು ಆದೆಮ್ಮ ಸರಿದಳು. ಆಮೇಲೆ ಅವಳ ಪಕ್ಕದವಳು. ಜಮಖಾನೆ ನಡುವೆ ಎರಡಾಯಿತು. ಟೀವಿಯಿಂದ ಹೊಸ್ತಿಲವರೆಗೆ ಬರೀ ನೆಲ ಕಂಡಿತು. ಬಾಗಿಲಲ್ಲಿ ಉಳಿದವನು ಸಿದ್ದರಾಮಪ್ಪನೊಬ್ಬ. ಅವನೂ ಒಂದು ಪಕ್ಕಕ್ಕೆ ಸರಿದು ಗೋಡೆ ಹಿಡಿದ.

ಕುರ್ಚಿಯ ಸುತ್ತ ನಿಂತ ಕೆಳಗಿನ ಓಣಿಯ ಹೆಂಗಸರು ಕತ್ತು ಓರೆ ಮಾಡದೆ ನೋಡಿದರು. ಕಮಲಿಯ ಮುಖ ದುಂಡಗಿತ್ತು.