ಕನ್ನಡಕದಕ್ಕನ ಬೆಲ್ಲು

ಸೈಕಲ್ ಮೇಸ್ತ್ರಿ ಮೂರು ಗೇರ್ ಸೆಟ್ಟುಗಳನ್ನು ಹಳೆಯ ಟವಲೊಂದರ ಮೇಲೆ ಸಾಲಾಗಿ ಇಟ್ಟ ಕೂಡಲೇ ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮುಟ್ಟಿದರೆ ಕೊಳ್ಳಲೇಬೇಕಾಗುತ್ತದೆ ಎಂಬ ಭಯ ಅವಳಿಗೆ ಚಿಕ್ಕಂದಿನಿಂದಲೂ ಇತ್ತು. ಎಡಗಡೆಯದು ಬೂದು ಬಣ್ಣದ್ದು. ಪಾತ್ರೆಗಳ ಮುಚ್ಚಳಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಪೇರಿಸಿಟ್ಟ ಹಾಗಿತ್ತು. ನಡುವಿನದು ತುಸು ಹೊಳೆಯುತ್ತಿತ್ತು. ಬಲಗಡೆಯದರ ಮಾತು ಬೇರೆ. ಅದನ್ನು ಡಬ್ಬಿಯಿಂದ ತೆಗೆಯುವ ಮೊದಲು ಮೇಸ್ತ್ರಿ ಕೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡಿದ್ದ.

"ಹೇಳಿ ಅಕ್ಕ. ಇದಾ, ಅದಾ?" ಎಂದು ಕೇಳಿ ಅವನೇ ನಕ್ಕ. "ನಿಮ್ಮ ಮಾತೇ ನಿಮಗೆ. ಕಣ್ಣು ನೋಡುವಾಗ ಹೀಗೇ ಅಲ್ವಾ ನನ್ನ ಪ್ರಾಣ ತಿಂದಿದ್ದು? ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ ಅಂತ."

ಅದೂ ನಿಜವೇ. ಅದೇ ಬೀದಿಯ ಎದುರು ಸಾಲಿನಲ್ಲಿರುವ ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ. ಊರಿನ ಅರ್ಧದಷ್ಟು ಮೂಗುಗಳ ಅಳತೆ ಅವಳ ಬೆರಳಿಗೆ ಗೊತ್ತು. ಮೇಸ್ತ್ರಿಯ ಮೂಗಿನ ಮೇಲೆ ಕೂತಿದ್ದ ಕಪ್ಪು ಫ್ರೇಮನ್ನು ಆರಿಸಿಕೊಟ್ಟವಳೂ ಅವಳೇ. ಅವನು ಅಂಚಿಲ್ಲದ ತೆಳು ಕನ್ನಡಕವೊಂದನ್ನು ಹಾಕಿಕೊಂಡು ಕನ್ನಡಿಯ ಮುಂದೆ ಅತ್ತ ಇತ್ತ ತಿರುಗುತ್ತಿದ್ದಾಗ, "ಗಾಜು ಒಂದೇ ಕಣಪ್ಪ, ಈ ಕಪ್ಪು ಫ್ರೇಮೇ ಸಾಕು," ಎಂದಿದ್ದಳು. ಎಲ್ಲರಿಗೂ ಹಾಗೆಯೇ ಹೇಳುತ್ತಿದ್ದಳು. ಗಿರಾಕಿಗಳು ಹುಡುಕಿಕೊಂಡು ಬರುತ್ತಿದ್ದದ್ದೂ ಅದಕ್ಕೇ. "ನಿನ್ನಂಥ ಇನ್ನೊಬ್ಬಳು ನನ್ನ ಅಂಗಡಿಗೆ ಬಂದರೆ ನಾನು ಕನ್ನಡಕ ಬಿಟ್ಟು ಊರುಗೋಲು ಮಾರಬೇಕಾಗುತ್ತೆ," ಎಂದು ಯಜಮಾನರು ಆಗಾಗ ನಿಟ್ಟುಸಿರು ಬಿಡುತ್ತಿದ್ದರು, ಆದರೆ ಅವಳನ್ನು ಬಿಡುತ್ತಿರಲಿಲ್ಲ.

"ಏರಿಗೆ ಯಾವುದು ಒಳ್ಳೇದು?" ಎಂದು ಅವಳು ಕೇಳಿದಳು.

"ಹಿಂದಿನ ಗಾಲಿಯ ಹಲ್ಲುಚಕ್ರ ದೊಡ್ಡದಾದಷ್ಟೂ ಏರಲ್ಲಿ ಪೆಡಲ್ ಹಗುರ. ಮೂರರಲ್ಲೂ ದೊಡ್ಡ ಚಕ್ರ ಒಂದೇ ಅಳತೆ. ನಡುವಿಂದು ಸ್ವಲ್ಪ ಕಡಿಮೆ ತೂಕ, ಸದ್ದು ಮಾಡಲ್ಲ. ಅದು ಇನ್ನೂ ಕಡಿಮೆ ತೂಕ, ಪಂದ್ಯಕ್ಕೆ ಹೋಗೋರು ಹಾಕಿಸ್ತಾರೆ." ಅವನು ಬೂದು ಸೆಟ್ಟನ್ನು ಬೆರಳಿನಿಂದ ಅವಳ ಕಡೆಗೆ ತಳ್ಳಿದ. "ನಿಮಗೆ ಇದೇ ಸಾಕು ಅಕ್ಕ."

ಅವಳು ಕೇಳಬೇಕೆಂದಿದ್ದ ಮಾತು ಅದೇ. ಆದರೂ ಅವಳ ಒಳಗೆ ಎಲ್ಲೋ ಒಂದು ದೀಪ ಆರಿದಂತಾಯಿತು. ಯಾಕೆಂದು ಅವಳಿಗೇ ತಿಳಿಯಲಿಲ್ಲ. ನೋಟವನ್ನು ಬೇರೆ ಕಡೆ ಹಾಯಿಸಲೆಂದು ಗಾಜಿನ ಬೀರುವಿನತ್ತ ತಿರುಗಿದಳು. ಅಲ್ಲಿ, ದೀಪಗಳ ಮತ್ತು ಪಂಕ್ಚರ್ ಡಬ್ಬಿಗಳ ನಡುವೆ, ಚಹಾ ಬಟ್ಟಲಿನಷ್ಟು ದೊಡ್ಡದಾದ ಹಿತ್ತಾಳೆಯ ಬೆಲ್ಲೊಂದು ಕೂತಿತ್ತು. ಬೀರುವಿನ ಬಾಗಿಲು ತೆರೆದೇ ಇತ್ತು. ಬೆನ್ನ ಹಿಂದಿದ್ದ ಕೈ ಅದು ಹೇಗೋ ಮುಂದೆ ಬಂದು ಬೆಲ್ಲಿನ ಕಿವಿಯನ್ನು ಒತ್ತಿಬಿಟ್ಟಿತು.

ಸೈಕಲ್ ಬೆಲ್ಲುಗಳು ಸಾಮಾನ್ಯವಾಗಿ ಜಗಳಗಂಟಿಗಳ ಹಾಗೆ ಕಿರುಚುತ್ತವೆ. ಇದು ಹಾಗಲ್ಲ. ಒಂದೇ ಒಂದು ದುಂಡು ಸ್ವರ ಹೊರಟು, ಅಂಗಡಿಯನ್ನು ತುಂಬಿ, ಬಾಗಿಲಿನಿಂದ ಬೀದಿಗಿಳಿದು, ಆತುರವಿಲ್ಲದೆ ದೂರ ಹೋಯಿತು. ಎದುರಿನ ಹೊಲಿಗೆ ಅಂಗಡಿಯವನು ತಲೆ ಎತ್ತಿ ನೋಡಿದ.

"ಅದನ್ನ ಮಾರಲ್ವಾ?"

"ಮಾರೋಕೇ ಇಟ್ಟಿರೋದು. ಯಾರೂ ತಗೊಳಲ್ಲ ಅಷ್ಟೇ. ಕೈಯಲ್ಲಿ ಮಾಡಿದ್ದು ಅಕ್ಕ. ಈ ಬೂದು ಸೆಟ್ಟಿಗಿಂತ ಅದರ ಬೆಲೆನೇ ಜಾಸ್ತಿ."

ಅವಳು ಕೈಯನ್ನು ಮತ್ತೆ ಬೆನ್ನ ಹಿಂದೆ ಕಟ್ಟಿಕೊಂಡಳು. "ನಾಳೆ ಹೇಳ್ತೀನಿ," ಎಂದು ಹೊರಟುಬಿಟ್ಟಳು.

ಇಷ್ಟೆಲ್ಲಕ್ಕೂ ಕಾರಣ ಊರಾಚೆಯ ನೀರಿನ ಟ್ಯಾಂಕಿನ ಗುಡ್ಡ. ಪ್ರತಿ ಭಾನುವಾರ ಬೆಳಿಗ್ಗೆ ಏಳೆಂಟು ಮಂದಿ ಸೈಕಲ್ಲಿನಲ್ಲಿ ಆ ಗುಡ್ಡ ಹತ್ತುತ್ತಿದ್ದರು. ವಯಸ್ಸು ಐವತ್ತು ದಾಟುತ್ತಿದ್ದಂತೆ ಡಾಕ್ಟರು ಮಂಡಿಗೆ ವ್ಯಾಯಾಮ ಬೇಕೆಂದಾಗ ಅವಳೂ ಅವರ ಜೊತೆ ಸೇರಿದ್ದಳು. ತಂಡದವರು ಅವಳಿಗೆ ಕನ್ನಡಕದಕ್ಕ ಎಂದು ಹೆಸರಿಟ್ಟಿದ್ದರು. ಮಂಡಿ ಸರಿಹೋಗಿ ಎಷ್ಟೋ ದಿನವಾಗಿತ್ತು. ಚಟ ಮಾತ್ರ ಉಳಿದಿತ್ತು. ತಂಡದ ಹಿರಿಯನಿಗೆ ಗ್ರಾಂ ಮಾಮ ಎಂದು ಹೆಸರು. ಸೈಕಲ್ಲಿನ ತೂಕ ಇಳಿಸುವುದೇ ಅವನ ತಪಸ್ಸು. ಶೂ ದಾರದ ತುದಿಗಳನ್ನು ಕತ್ತರಿಸಿದ್ದ. ಬಾಳೆಹಣ್ಣನ್ನು ಮನೆಯಲ್ಲೇ ಸುಲಿದು, ಸಿಪ್ಪೆಯ ಭಾರವಿಲ್ಲದೆ ತರುತ್ತಿದ್ದ.

ಆ ತಂಡಕ್ಕೆ ಒಂದು ಕಟ್ಟಳೆ ಇತ್ತು. ಗುಡ್ಡದ ತುದಿಯಲ್ಲಿ ಕೊನೆಯವರು ಬಂದು ಸೇರುವವರೆಗೆ ಚಹಾದ ಫ್ಲಾಸ್ಕಿನ ಮುಚ್ಚಳ ತೆಗೆಯುವಂತಿಲ್ಲ. ಕೊನೆಯವಳು ಯಾವಾಗಲೂ ಅವಳೇ. ಮೇಲಿನ ಎರಡು ತಿರುವುಗಳಿಗೆ ಮುಂಚೆ ಬಿಳಿ ಬಣ್ಣದ ಒಂದು ಮೋರಿಗಲ್ಲು ಇತ್ತು. ಅಲ್ಲಿ ಅವಳು ಇಳಿಯುತ್ತಿದ್ದಳು, ಉಳಿದ ದಾರಿ ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದಳು. ಫ್ಲಾಸ್ಕೋ ಹಳೆಯದು, ಅವಳು ತಲುಪುವ ಹೊತ್ತಿಗೆ ಚಹಾ ಬಾವಿ ನೀರಿನ ಹಾಗಾಗಿರುತ್ತಿತ್ತು. ಕಳೆದ ಭಾನುವಾರ ತಂಡದಲ್ಲೊಬ್ಬರು, "ಅಕ್ಕ ಬಂದ್ರು, ಬಿಸಿ ಹೋಯ್ತು," ಎಂದಿದ್ದರು. ಎಲ್ಲರೂ ನಕ್ಕರು. ಅವಳು ಎಲ್ಲರಿಗಿಂತ ಜೋರಾಗಿ ನಕ್ಕಳು. ಆಮೇಲೆ ಇಳಿಜಾರಿನುದ್ದಕ್ಕೂ ಬ್ರೇಕ್ ಹಿಡಿದುಕೊಂಡೇ ಯೋಚಿಸಿದಳು: ಒಂದೋ ಇಳಿಯದೆ ಹತ್ತಬೇಕು, ಇಲ್ಲ ಬರುವುದನ್ನೇ ಬಿಡಬೇಕು. ಒಬ್ಬಳಿಗಾಗಿ ಇಷ್ಟು ಜನ ತಣ್ಣಗಿನ ಚಹಾ ಕುಡಿಯುವುದು ಯಾವ ನ್ಯಾಯ?

ಮೇಸ್ತ್ರಿಯ ಅಂಗಡಿಯಿಂದ ಮನೆಗೆ ಬಂದಾಗ ಗಂಡ ಬಟ್ಟೆ ಒಣಹಾಕುತ್ತಿದ್ದ. ಬೇಕರಿಯ ಒಲೆ ನೋಡಿಕೊಳ್ಳುವವನು. ಬೆಳಗಿನ ಜಾವಕ್ಕೆ ಹೋಗಿ ಮಧ್ಯಾಹ್ನಕ್ಕೆ ಬರುತ್ತಿದ್ದ. ಬಟ್ಟೆ ಒಣಗುತ್ತಿದ್ದದ್ದು ಹಗ್ಗದ ಮೇಲಲ್ಲ. ಒಂದು ಕಾಲದಲ್ಲಿ ಹೊಟ್ಟೆ ಕರಗಿಸುತ್ತೇನೆಂದು ಅವನು ಹಿಂದೆಮುಂದೆ ನೋಡದೆ ತಂದಿದ್ದ ನಿಂತಲ್ಲೇ ಓಡುವ ಟ್ರೆಡ್‌ಮಿಲ್ ಯಂತ್ರದ ಮೇಲೆ.

"ಏನಾಯ್ತು? ತಗೊಂಡ್ಯಾ?"

"ಇಲ್ಲ ರೀ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಾಲಲ್ಲಿ ಶಕ್ತಿ ಇಲ್ಲದೆ ಗೇರನ್ನ ಬೈತಿದೀನೇನೋ ಅನ್ನಿಸ್ತು."

"ದುಡ್ಡು ನಿಂದು, ಕಾಲು ನಿಂದು. ಯಾವುದು ಇಷ್ಟವೋ ಅದು ತಗೋ."

"ತಗೊಂಡು, ಆಮೇಲೆ ಅದೂ ಹೀಗೇ ಆದ್ರೆ?" ಅವಳು ಯಂತ್ರವನ್ನು ಗದ್ದದಿಂದಲೇ ತೋರಿಸಿದಳು.

ಗಂಡ ಒದ್ದೆ ಬನಿಯನ್ನನ್ನು ಯಂತ್ರದ ಹಿಡಿಕೆಗೆ ನೇತುಹಾಕಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. "ಇದರ ಮೇಲೆ ಒಣಗಿದಷ್ಟು ಚೆನ್ನಾಗಿ ಎಲ್ಲೂ ಒಣಗಲ್ಲ. ನಿನ್ನ ಸೈಕಲ್ ಆದರೆ ಎರಡು ಟವಲ್ಲಿಗೆ ಮಾತ್ರ ಜಾಗ, ಅಷ್ಟೇ ನಷ್ಟ."

ಅವಳಿಗೆ ನಗು ಬಂತು. "ನಿಮಗೆಲ್ಲಾ ತಮಾಷೆ. ನನ್ನಿಂದ ಅಲ್ಲಿ ಎಲ್ಲರಿಗೂ ಕಷ್ಟ."

"ಯಾರು ಹೇಳಿದ್ರು?"

"ಯಾರೂ ಹೇಳಲ್ಲ. ಅದೇ ಕಷ್ಟ."

"ಒಂದು ಹೇಳು," ಎಂದ ಗಂಡ, ಕ್ಲಿಪ್ಪೊಂದನ್ನು ಬಾಯಿಂದ ತೆಗೆದು. "ಆ ಫ್ಲಾಸ್ಕು ತರೋದು ಯಾರು?"

"ಗ್ರಾಂ ಮಾಮ."

"ಬಾಳೆಹಣ್ಣಿನ ಸಿಪ್ಪೆ ಭಾರ ಅನ್ನೋ ಮನುಷ್ಯ, ಅಷ್ಟು ದೊಡ್ಡ ಸ್ಟೀಲ್ ಫ್ಲಾಸ್ಕನ್ನ ವಾರವಾರ ಗುಡ್ಡಕ್ಕೆ ಹೊರ್ತಾನಾ?"

ಅವಳು ಇದನ್ನು ಯೋಚಿಸಿಯೇ ಇರಲಿಲ್ಲ. ಅವನು ಮಡಿಕೆ ಬಿಡಿಸದೆ ಹಾಕಿದ್ದ ಪಂಚೆಯನ್ನು ಎಳೆದು ಸರಿಮಾಡಿದಳು.

ಮರುದಿನ ಅಂಗಡಿಗೆ ಒಬ್ಬ ವಯಸ್ಸಾದ ಹೆಂಗಸು ಬಂದರು. ನಿವೃತ್ತ ಟೀಚರು, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಇನ್ನೂ ಹೋಗಿರಲಿಲ್ಲ. ಹೊಸ ನಂಬರಿನ ಗಾಜು ಹಾಕಿಸಬೇಕಿತ್ತು. ಅವಳು ಡ್ರಾಯರಿನಿಂದ ಕಂದು ಬಣ್ಣದ ಎರಡು ಫ್ರೇಮು ತೆಗೆದು ತಿರುಗುವಷ್ಟರಲ್ಲಿ, ಟೀಚರು ಗೋಡೆಯ ಮೇಲಿನ ಸಾಲಿನಿಂದ ಕೆಂಪು ಫ್ರೇಮೊಂದನ್ನು ತಾವೇ ತೆಗೆದು ಹಾಕಿಕೊಂಡು ಕನ್ನಡಿ ನೋಡುತ್ತಿದ್ದರು. ಮೆಣಸಿನಕಾಯಿಯಂಥ ಕೆಂಪು.

"ಸುಮ್ಮನೆ ಹಾಕಿ ನೋಡಿದೆ," ಎಂದರು, ಸಿಕ್ಕಿಬಿದ್ದವರ ಹಾಗೆ.

"ಗಾಜು ಒಂದೇ ಅಮ್ಮ," ಎಂದು ಅವಳು ಅಭ್ಯಾಸಬಲದಿಂದ ಶುರುಮಾಡಿದಳು. "ನಿಮಗೆ ಈ ಕಂದು..."

"ಹೌದು ಹೌದು. ಅದೇ ಸಾಕು ಬಿಡಿ," ಎಂದು ಟೀಚರು ಕೆಂಪು ಫ್ರೇಮಿನ ಕಡ್ಡಿಗಳನ್ನು ಕಿವಿಯಿಂದ ಬಿಡಿಸತೊಡಗಿದರು. ಕನ್ನಡಿಯಲ್ಲಿ ಅವರ ಮುಖ ಕಂಡಿತು. ಅದರಲ್ಲಿ ಏನೋ ಆರಿತು. ಹಣ ಉಳಿದ ಸಮಾಧಾನವೆಂದು ಇಷ್ಟು ವರ್ಷ ಅವಳು ಅಂದುಕೊಂಡಿದ್ದ ಮುಖವೇ ಅದು. ನಿನ್ನೆ ಮೇಸ್ತ್ರಿಯ ಅಂಗಡಿಯಲ್ಲಿ ತನ್ನ ಮುಖವೂ ಹೀಗೆಯೇ ಇದ್ದಿರಬೇಕು. ಹಾಗಾದರೆ ಇಷ್ಟು ವರ್ಷ ಎಷ್ಟು ಜನರ ಮುಖವನ್ನು ತಾನು ಹೀಗೆ ಮಾಡಿ ಕಳಿಸಿರಬಹುದು? ಅವಳ ಕಿವಿ ಬಿಸಿಯಾಯಿತು.

"ತೆಗೀಬೇಡಿ ಅಮ್ಮ," ಎಂದಳು. "ಇನ್ನೊಂದು ಸಲ ನೋಡ್ಕೊಳ್ಳಿ."

"ಈ ವಯಸ್ಸಲ್ಲಿ ಕೆಂಪಾ? ನೋಡಿದವರು ಏನಂತಾರೆ?"

"ಕೆಂಪು ಕನ್ನಡಕ ಅಂತಾರೆ. ಗಾಜು ಒಂದೇ, ಇದರಲ್ಲೂ ಅಷ್ಟೇ ಕಾಣುತ್ತೆ. ಅದನ್ನ ನಾನು ಹೇಳಲೇಬೇಕು, ಹೇಳಿದೆ. ಇನ್ನು ಮಿಕ್ಕಿದ್ದು ನಿಮ್ಮಿಷ್ಟ."

ಟೀಚರು ಗಂಟಲು ಸರಿಮಾಡಿಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮುಖ ತಿರುಗಿಸಿ, ಕೊನೆಗೆ ಕನ್ನಡಿಗೆ ಹೇಳಿದರು: "ಮಕ್ಕಳ ಪುಸ್ತಕಕ್ಕೆ ಜೀವಮಾನವೆಲ್ಲ ಕೆಂಪು ಶಾಯಿ ಖರ್ಚು ಮಾಡಿದೀನಿ. ನನಗೂ ಒಂದಿಷ್ಟು ಇರಲಿ."

ಅವರು ಹೋದ ಮೇಲೆ ಯಜಮಾನರು ಕುರ್ಚಿಯಿಂದ ಎದ್ದು ಬಂದು ಕೆಂಪು ಫ್ರೇಮಿದ್ದ ಖಾಲಿ ಜಾಗವನ್ನು ಮುಟ್ಟಿ ನೋಡಿದರು. "ಹುಷಾರಾಗಿದ್ದೀಯ ತಾನೆ? ಜ್ವರಗಿರ ಏನಿಲ್ವಲ್ಲ?"

ಸಂಜೆ ಅಂಗಡಿ ಮುಚ್ಚಿದ ಮೇಲೆ ಅವಳು ರಸ್ತೆ ದಾಟಿದಳು. ಮೇಸ್ತ್ರಿ ಅವಳನ್ನು ನೋಡಿದವನೇ ಬೂದು ಸೆಟ್ಟನ್ನು ಎತ್ತಿಕೊಂಡ. "ಇದೇ ತಾನೆ?"

"ಅದೇ. ಉದ್ದದ ಹೊಸ ಚೈನೂ ಹಾಕು. ಮತ್ತೆ ಆ ಬೆಲ್ಲು."

ಮೇಸ್ತ್ರಿಯ ಕೈ ಅಲ್ಲೇ ನಿಂತಿತು. "ಅಕ್ಕ, ನಿಮ್ಮ ಹತ್ರ ಸುಳ್ಳು ಹೇಳೋಕಾಗಲ್ಲ. ಬೆಲ್ಲಿಂದ ಏರು ಹತ್ತೋಕಾಗಲ್ಲ."

"ಗೊತ್ತು."

"ಭಾರ ಬೇರೆ."

"ಗೊತ್ತು."

"ಇಲ್ಲಿ ಬೇರೆ ಬೆಲ್ಲು ಇದೆ ನೋಡಿ. ಅದೇ ಕೆಲಸ, ಕಾಲು ಭಾಗ ಬೆಲೆನೂ ಇಲ್ಲ. ನಿಮಗೆ ಇದು ಸಾ..."

"ಮೇಸ್ತ್ರಿ," ಎಂದು ಅವಳು ತಡೆದಳು. "ಆವತ್ತು ನಿನಗೆ ಯಾವ ಕನ್ನಡಕ ಬೇಕಿತ್ತು?"

ಅವನ ಬೆರಳು ತಾನಾಗಿಯೇ ಕಪ್ಪು ಫ್ರೇಮಿನ ಮೇಲೆ ಹೋಯಿತು. ಗ್ರೀಸಿನ ಗುರುತೊಂದು ಅಲ್ಲಿ ಉಳಿಯಿತು. "ಅಂಚಿಲ್ಲದ್ದು," ಎಂದ, ನಾಚಿಕೊಂಡು. "ಈಗಲೂ ಕಿಟಕಿಯಲ್ಲಿದೆ. ಹೋಗ್ತಾ ಬರ್ತಾ ನೋಡ್ತೀನಿ."

"ಮುಂದಿನ ಸಲ ಬಾ. ನಾನು ಬಾಯಿ ಮುಚ್ಕೊಂಡು ಕೂತಿರ್ತೀನಿ."

ಮೇಸ್ತ್ರಿ ಬೆಲ್ಲನ್ನು ಬೀರುವಿನಿಂದ ತೆಗೆದ. ಅದಕ್ಕೂ ಮುಂಚೆ ಕೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡ.

ಭಾನುವಾರ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಎಲ್ಲರೂ ಅವಳ ಸೈಕಲ್ಲಿನ ಸುತ್ತ ನೆರೆದರು. ಹೊಸ ಗೇರನ್ನು ಯಾರೂ ನೋಡಲಿಲ್ಲ. ಗ್ರಾಂ ಮಾಮ ಬೆಲ್ಲನ್ನು ಅಂಗೈಯಲ್ಲಿ ತೂಗುವವನಂತೆ ಹಿಡಿದು ಕಣ್ಣು ಮುಚ್ಚಿದ. "ಇದರ ತೂಕದಲ್ಲಿ ಇನ್ನೊಂದು ಸೈಕಲ್ ಬರುತ್ತಲ್ಲಮ್ಮ," ಎಂದ. "ಇದನ್ನ ಕಟ್ಕೊಂಡು ಗುಡ್ಡ ಹತ್ತೋದಾ?"

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಮಾಮ," ಎಂದು ಅವಳೇ ಹೇಳಿಬಿಟ್ಟಳು. ಬೇರೆಯವರು ಹೇಳಲು ಏನೂ ಉಳಿಯಲಿಲ್ಲ.

ಮೊದಲ ತಿರುವಿನಲ್ಲೇ ಎಲ್ಲರೂ ಮುಂದೆ ಹೋದರು. ಗ್ರಾಂ ಮಾಮನ ಬೆನ್ನ ಚೀಲದಲ್ಲಿ ಫ್ಲಾಸ್ಕು ಮಗುವಿನ ಹಾಗೆ ತಲೆ ಹೊರಹಾಕಿಕೊಂಡು ಹೋಗುವುದು ಸ್ವಲ್ಪ ದೂರ ಕಂಡು ಮರೆಯಾಯಿತು. ಅವಳು ಒಬ್ಬಳೇ ಆದಳು. ಬೂದು ಸೆಟ್ಟು ಗೊಣಗುತ್ತಾ, ಕಟಕಟ ಎನ್ನುತ್ತಾ, ಆದರೆ ಹೇಳಿದ ಮಾತಿಗೆ ತಪ್ಪದೆ ಕೆಲಸ ಮಾಡುತ್ತಿತ್ತು. ಪೆಡಲು ಹಗುರವಾಗಿತ್ತು. ಸೈಕಲ್ಲು ನಡಿಗೆಗಿಂತ ತುಸುವೇ ಜೋರು. ಪಕ್ಕದ ಗೋಡೆಯ ಮೇಲೆ ಒಂದು ಬೆಕ್ಕು ಅವಳ ಜೊತೆಯಲ್ಲೇ ಸ್ವಲ್ಪ ದೂರ ನಡೆದು, ಬೇಸರವಾಗಿ ಅವಳನ್ನು ದಾಟಿ ಮುಂದೆ ಹೋಯಿತು.

ಬಿಳಿ ಮೋರಿಗಲ್ಲು ಬಂತು. ಅವಳ ಬಲಗಾಲು ಅಭ್ಯಾಸದಂತೆ ನೆಲಕ್ಕಿಳಿಯಲು ಸಿದ್ಧವಾಯಿತು. ಇಳಿಯುವ ಕಾರಣ ಮಾತ್ರ ಇರಲಿಲ್ಲ. ಎದೆ ಏದುತ್ತಿತ್ತು, ಬೆವರು ಕನ್ನಡಕದ ಒಳಗೆ ಇಳಿಯುತ್ತಿತ್ತು, ಆದರೆ ಕಾಲುಗಳು ತಿರುಗುತ್ತಲೇ ಇದ್ದವು. ಇನ್ನೊಂದು ಸುತ್ತು. ಮತ್ತೊಂದು. ಮೋರಿಗಲ್ಲು ಪಕ್ಕಕ್ಕೆ ಬಂದು, ಆಮೇಲೆ ಹಿಂದಕ್ಕೆ ಹೋಯಿತು. ಸೈಕಲ್ಲಿನ ಮೇಲೆ ಕೂತುಕೊಂಡು ಆ ಕಲ್ಲಿನ ಆಚೆಯನ್ನು ಅವಳು ಎಂದೂ ಕಂಡಿರಲಿಲ್ಲ. ತಳ್ಳಿಕೊಂಡು ಹೋಗುವಾಗ ಕಾಣುತ್ತಿದ್ದದ್ದು ರಸ್ತೆಯ ಡಾಂಬರು ಮಾತ್ರ. ಈಗ ಕೆಳಗೆ ಊರಿನ ಮಾಳಿಗೆಗಳು, ಅವುಗಳ ಮೇಲಿನ ನೀರಿನ ತೊಟ್ಟಿಗಳು, ಒಣಗುವ ಬಟ್ಟೆಗಳು ಒಂದೊಂದಾಗಿ ಕಂಡವು.

ಕೊನೆಯ ತಿರುವು. ಮೇಲಿನಿಂದ ತಂಡದವರ ಮಾತು ತೇಲಿ ಬರುತ್ತಿತ್ತು. ಮನುಷ್ಯರು ಇನ್ನೂ ಕಾಣುತ್ತಿರಲಿಲ್ಲ. ಏನಾದರೂ ಕೂಗಬೇಕೆನ್ನಿಸಿತು. ಕೂಗಲು ಉಸಿರಿರಲಿಲ್ಲ. ಹ್ಯಾಂಡಲ್ ಬಿಡುವಂತಿರಲಿಲ್ಲ. ಹೆಬ್ಬೆರಳೊಂದು ಬಿಡುವಾಗಿತ್ತು.

ಆ ದುಂಡು ಸ್ವರ ಹೊರಟಿತು. ಅವಳಿಗಿಂತ ಮೊದಲೇ ತಿರುವು ದಾಟಿ, ಆತುರವಿಲ್ಲದೆ, ಗುಡ್ಡದ ಮೇಲಕ್ಕೆ ಹೋಯಿತು.

ಮೇಲೆ ಮಾತು ನಿಂತಿತು. ಆಮೇಲೆ ಸ್ಟೀಲ್ ಮುಚ್ಚಳವೊಂದು ಕಿರ್ರೆಂದು ತಿರುಗುವ ಸದ್ದು ಕೇಳಿಸಿತು.

ಅವಳು ತಿರುವು ದಾಟಿದಾಗ ಕನ್ನಡಕದ ಮೇಲೆಲ್ಲ ಮಂಜು ಕಟ್ಟಿತ್ತು. ಟ್ಯಾಂಕಿನ ಕಟ್ಟೆಯ ಮೇಲೆ ಯಾರು ಎಲ್ಲಿ ನಿಂತಿದ್ದಾರೆಂದು ತಿಳಿಯಲಿಲ್ಲ. ಸಾಲಾಗಿ ಇಟ್ಟ ಬಟ್ಟಲುಗಳು ಮಾತ್ರ ಕಂಡವು, ಮತ್ತು ಒಂದೊಂದರಿಂದಲೂ ಮೇಲೇಳುತ್ತಿದ್ದ ಹಬೆ.