ಎರಡನೇ ಪಂಕ್ತಿ

"ಕಾಲಿನ ಹೆಬ್ಬೆರಳು ಸಡಿಲ ಬಿಡಿ," ಎಂದರು ಪಂಚಾಕ್ಷರಯ್ಯ.

"ಬಿಟ್ಟಿದೀನಿ ಕಣ್ರೀ! ಇನ್ನೆಷ್ಟು ಬಿಡ್ಲಿ? ಕಿತ್ತು ಕೊಡ್ಲಾ?" ಎಂದು ಚಾಪೆಯ ಮೇಲಿಂದ ಗುಡುಗಿದರು ವೀರಭದ್ರಯ್ಯ.

ನಗರ್ತಪೇಟೆಯ ಜವಳಿ ವ್ಯಾಪಾರಿ ವೀರಭದ್ರಯ್ಯನವರಿಗೆ ಮೂಗಿನ ತುದಿಯಲ್ಲೇ ಕೋಪ. ರಕ್ತದ ಒತ್ತಡ ಏರಿದೆ, ಶವಾಸನ ಕಲಿಯಿರಿ ಎಂದು ಡಾಕ್ಟರು ಹೇಳಿದಾಗಿನಿಂದ ಹೆಂಡತಿ ಗಿರಿಜಾಂಬಾ ಗಂಡನನ್ನು ದಿನಾ ಬೆಳಿಗ್ಗೆ ಬಸವನಗುಡಿಯ ಈ ಯೋಗದ ಹಾಲ್‌ಗೆ ಅಟ್ಟುತ್ತಿದ್ದರು. ಕಲಿಸುವ ಪಂಚಾಕ್ಷರಯ್ಯ ನಿವೃತ್ತ ಡ್ರಿಲ್ ಮೇಷ್ಟ್ರು. ಅವರು "ವಿಶ್ರಾಂತಿ!" ಎಂದು ಕೂಗಿದರೆ ಮಲಗಿದ್ದವರು ಬೆಚ್ಚಿಬಿದ್ದು ಎದ್ದು ಕೂರುತ್ತಿದ್ದರು.

ಹದಿನೈದು ದಿನ ಏನೂ ಆಗಲಿಲ್ಲ. ಹದಿನಾರನೆಯ ದಿನ ವೀರಭದ್ರಯ್ಯ ಉಪ್ಪಿಲ್ಲದ ಸಾರನ್ನು ಸದ್ದಿಲ್ಲದೆ ಉಂಡೆದ್ದರು. ಗಿರಿಜಾಂಬಾ ಗಾಬರಿಯಿಂದ ಅವರ ಹಣೆ ಮುಟ್ಟಿ ನೋಡಿದರು.

ಮರುದಿನ ಪಕ್ಕದ ಚಾಪೆಗೆ ಹೊಸಬನೊಬ್ಬ ಬಂದ. ನೋಡಿದರೆ ಭಾವಮೈದುನ ಸಿದ್ದಬಸಪ್ಪ! ಆರು ವರ್ಷದ ಹಿಂದೆ ತನ್ನ ಗೃಹಪ್ರವೇಶದಲ್ಲಿ ಭಾವನನ್ನು ಎರಡನೇ ಪಂಕ್ತಿಗೆ ಕೂರಿಸಿದವನು. ಅಂದಿನಿಂದ ಮಾತಿಲ್ಲ, ಗಿರಿಜಾಂಬಾಗೆ ಗೌರಿ ಹಬ್ಬಕ್ಕೂ ತವರಿಲ್ಲ. ವೀರಭದ್ರಯ್ಯನವರ ಹೆಬ್ಬೆರಳು ಮತ್ತೆ ಬಿಗಿಯಿತು. ಎದ್ದು ಹೋಗೋಣವೆಂದರೆ, ಅವನಿಗೆ ಹೆದರಿ ಹೋದಂತಾಗುತ್ತದೆ. ಕಣ್ಣು ಮುಚ್ಚಿ ಬಿದ್ದುಕೊಂಡರು.

ಎರಡೇ ನಿಮಿಷ. ಸಿದ್ದಬಸಪ್ಪನ ಗೊರಕೆ ಹಾಲನ್ನೆಲ್ಲ ತುಂಬಿತು.

"ಯಾರದು ನಿದ್ದೆ ಮಾಡ್ತಿರೋದು? ಇದೇನು ಛತ್ರಾನಾ?" ಪಂಚಾಕ್ಷರಯ್ಯ ಕೆಂಪಗಾಗಿ, ಬೆತ್ತ ನೆಲಕ್ಕೆ ಕುಟ್ಟಿದರು. "ಎದ್ದೇಳ್ರೀ! ಶಾಂತಿ ಬೇಕು ಇಲ್ಲಿ, ಶಾಂತಿ!"

ವೀರಭದ್ರಯ್ಯ ಎದ್ದು ಕೂತರು. ಮೈದುನನ ಮುಖ ನೋಡಿದರು. ಕಣ್ಣ ಕೆಳಗೆ ಕಪ್ಪು, ಕಿವಿಯ ಹತ್ತಿರ ನರೆ. ಇವನಿಗೆ ಯಾವಾಗ ಇಷ್ಟು ವಯಸ್ಸಾಯಿತು?

"ಮೇಷ್ಟ್ರೇ, ಕೂಗ್ಬೇಡಿ," ಎಂದರು ಮೆಲ್ಲಗೆ. "ಎಷ್ಟು ದಿನದ ನಿದ್ದೆಯೋ ಏನೋ, ಮಲಗ್ಲಿ ಬಿಡಿ. ನೀವು ಸ್ವಲ್ಪ ಕೂತ್ಕೊಂಡು ಉಸಿರು ನಿಧಾನವಾಗಿ ಎಳ್ಕೊಳ್ಳಿ."

ಮೇಷ್ಟ್ರು ಕಕ್ಕಾಬಿಕ್ಕಿಯಾಗಿ ಕೂತು, ಎಳೆದುಕೊಂಡರು.

ತರಗತಿ ಮುಗಿದು ಉಳಿದವರೆಲ್ಲ ಹೋದರು. ಗೊರಕೆ ನಿಂತಿತು. ಸಿದ್ದಬಸಪ್ಪ ಅರೆಗಣ್ಣು ತೆರೆದ. "ಎಷ್ಟೊತ್ತಾಯ್ತು, ಭಾವ?" ಎಂದ, ಆರು ವರ್ಷಗಳು ನಡುವೆ ಇಲ್ಲವೇ ಇಲ್ಲವೆಂಬಂತೆ.

"ಇನ್ನೂ ಹೊತ್ತಿದೆ, ಮಲಗು."

ಕಿಟಕಿಯಿಂದ ಬಿಸಿಲು ಇಳಿದು ಸಿದ್ದಬಸಪ್ಪನ ಮುಖದ ಮೇಲೆ ಬಂದಿತ್ತು. ವೀರಭದ್ರಯ್ಯ ತಮ್ಮ ಚಾಪೆಯನ್ನು ಒಂದು ಗೇಣು ಕಿಟಕಿಯ ಕಡೆ ಸರಿಸಿ, ಆ ಬಿಸಿಲಿಗೆ ಅಡ್ಡವಾಗಿ ಬೆನ್ನು ಕೊಟ್ಟು ಕೂತರು.